ಮುಖದ ಜಿಡ್ಡು ಕೊಳೆಯಲ್ಲ, ಕಾಯಿಲೆಯ ಗುರುತು

ಮನೆಗೆ ಬಂದ ನೆಂಟರು ಕಾಫಿ ಕುಡಿಯುತ್ತಾ ಮೆಲ್ಲಗೆ ಕೇಳುತ್ತಾರೆ: "ಏನಮ್ಮಾ, ಮಾವನವರಿಗೆ ದಿನಾ ಸ್ನಾನ ಮಾಡಿಸ್ತೀಯ ತಾನೆ? ಮುಖವೆಲ್ಲಾ ಜಿಡ್ಡು, ತಲೆ ತುಂಬಾ ಹೊಟ್ಟು..." ಬೆಳಿಗ್ಗೆ ತಾನೇ ಬಿಸಿನೀರು ಹಾಕಿ, ಸೋಪು ಹಚ್ಚಿ, ಒಗೆದ ಬಟ್ಟೆ ತೊಡಿಸಿ ಕೂರಿಸಿದ ಸೊಸೆಗೆ ಹೇಗಾಗಬೇಡ ಹೇಳಿ!

ಮನೆಯಲ್ಲಿ ಪಾರ್ಕಿನ್ಸನ್ ಕಾಯಿಲೆಯವರಿದ್ದರೆ ಈ ಮಾತು ನೀವೂ ಕೇಳಿರುತ್ತೀರಿ. ಕೈ ನಡುಗುತ್ತದೆ, ನಡಿಗೆ ನಿಧಾನವಾಗುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಈ ಕಾಯಿಲೆ ಚರ್ಮವನ್ನೂ ಬಿಡುವುದಿಲ್ಲ. ಜಿಡ್ಡು, ಬೆವರು ಎರಡನ್ನೂ ಹತೋಟಿಯಲ್ಲಿಡುವ ನರಗಳ ಲೆಕ್ಕಾಚಾರ ತಪ್ಪುತ್ತದೆ. ಹಣೆ, ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ ಎಣ್ಣೆ ಸುರಿದಂತಾಗುತ್ತದೆ. ಎಲ್ಲರ ಚರ್ಮದ ಮೇಲೂ ಇರುವ ಒಂದು ಬಗೆಯ ಶಿಲೀಂಧ್ರ ಆ ಜಿಡ್ಡನ್ನೇ ತಿಂದು ಹೆಚ್ಚುತ್ತದೆ. ಆಗ ಚರ್ಮ ಕೆಂಪಾಗಿ, ಹಳದಿ ಹೊಟ್ಟು ಎದ್ದು, ತುರಿಕೆ ಶುರುವಾಗುತ್ತದೆ. ವೈದ್ಯರು ಇದನ್ನು ಸೆಬೊರಿಕ್ ಡರ್ಮಟೈಟಿಸ್ ಎನ್ನುತ್ತಾರೆ. ಇದು ಅಂಟುರೋಗವಲ್ಲ, ಕೊಳೆಯೂ ಅಲ್ಲ.

ಸ್ಕಾಟ್ಲೆಂಡಿನ ಜಾಯ್ ಮಿಲ್ನ್ ಎಂಬ ನರ್ಸ್‌ಗೆ ಗಂಡನ ಮೈವಾಸನೆ ಬದಲಾದಂತೆ ಅನ್ನಿಸಿತ್ತು. ಸರಿಯಾಗಿ ತೊಳೆದುಕೊಳ್ಳುತ್ತಿಲ್ಲವೆಂದು ಆಕೆ ಗಂಡನನ್ನು ಆಕ್ಷೇಪಿಸುತ್ತಿದ್ದರಂತೆ. ವರ್ಷಗಳ ನಂತರ ಗೊತ್ತಾಯಿತು, ಅವರಿಗೆ ಪಾರ್ಕಿನ್ಸನ್! ಮುಂದೆ ಬೇರೆ ರೋಗಿಗಳಲ್ಲೂ ಅದೇ ವಾಸನೆ ಆಕೆಗೆ ಸಿಕ್ಕಿತು. ಮ್ಯಾಂಚೆಸ್ಟರ್‌ನ ವಿಜ್ಞಾನಿಗಳು ಅದರ ಜಾಡು ಹಿಡಿದು, ಚರ್ಮದ ಜಿಡ್ಡಿನಲ್ಲೇ ವ್ಯತ್ಯಾಸವಿದೆ ಎಂದು 2019ರಲ್ಲಿ ಪ್ರಕಟಿಸಿದರು. ಅಂದಮೇಲೆ ತಪ್ಪು ಸ್ನಾನದ್ದಲ್ಲ!

ಹಾಗಾದರೆ ಏನು ಮಾಡಬೇಕು?

ಹೊಟ್ಟು ಕಂಡರೆ ತಲೆ ಒಣಗಿದೆ ಎಂದುಕೊಂಡು ಎಣ್ಣೆ ತಿಕ್ಕುವುದು ನಮ್ಮ ರೂಢಿ. ಇಲ್ಲಿ ಅದು ಉಲ್ಟಾ ಹೊಡೆಯುತ್ತದೆ. ಎಣ್ಣೆ ಹಾಕಿ ಹಾಕಿ ಆ ಶಿಲೀಂಧ್ರಕ್ಕೇ ಊಟ ಬಡಿಸಿದಂತೆ! ಕಡಲೆಹಿಟ್ಟು ಹಾಕಿ ಗಸಗಸ ಉಜ್ಜುವುದೂ ಬೇಡ, ಚರ್ಮ ಇನ್ನಷ್ಟು ಕೆರಳುತ್ತದೆ. ಸೌಮ್ಯವಾದ ಸೋಪು, ಉಗುರುಬೆಚ್ಚಗಿನ ನೀರು ಸಾಕು. ವೈದ್ಯರನ್ನು ಕೇಳಿ ಕೀಟೊಕೊನಜೋಲ್ ಇರುವ ಶಾಂಪೂ ತನ್ನಿ. ಸಾಮಾನ್ಯವಾಗಿ ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ ಬಳಸಲು ಹೇಳುತ್ತಾರೆ. ಹಚ್ಚಿದ ತಕ್ಷಣ ತೊಳೆಯಬೇಡಿ, 3ರಿಂದ 5 ನಿಮಿಷ ಬಿಡಿ. ಕಣ್ಣಿಗೆ ಬೀಳದಂತೆ ನೋಡಿಕೊಳ್ಳಿ. ಕಡಿಮೆಯಾದರೂ ಇದು ಮರುಕಳಿಸುವ ತೊಂದರೆ, ಬೇಸರ ಬೇಡ.

ಮೆಡಿಕಲ್ ಶಾಪಿನವರು ಕೊಟ್ಟ ಸ್ಟಿರಾಯ್ಡ್ ಕ್ರೀಮನ್ನು ಮಾತ್ರ ನೀವಾಗಿಯೇ ಮುಖಕ್ಕೆ ಹಚ್ಚಬೇಡಿ. ಎರಡು ದಿನ ಮ್ಯಾಜಿಕ್ ಮಾಡಿದ ಹಾಗೆ ಕಂಡರೂ ದಿನಗಟ್ಟಲೆ ಬಳಸಿದರೆ ಚರ್ಮ ತೆಳುವಾಗುತ್ತದೆ.

ಕೆಲವರಿಗೆ ಇದ್ದಕ್ಕಿದ್ದಂತೆ ಬಟ್ಟೆ ಹಿಂಡುವಷ್ಟು ಬೆವರು. ಮಾತ್ರೆಯ ಪ್ರಭಾವ ಇಳಿಯುವ ಹೊತ್ತಿಗೆ ಇದು ಹೆಚ್ಚಾಗಬಹುದು. ಯಾವ ಹೊತ್ತಿಗೆ ಬೆವರುತ್ತಾರೆ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟು ವೈದ್ಯರಿಗೆ ತೋರಿಸಿ. ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಅದು ಅಪಾಯ.

ಜೊಲ್ಲು ಸುರಿದು ಬಾಯಿಯ ಸುತ್ತ ಚರ್ಮ ಹುಣ್ಣಾಗುವುದೂ ಉಂಟು. ಜೊಲ್ಲು ಜಾಸ್ತಿ ಬರುತ್ತದೆ ಅಂತಲ್ಲ, ನುಂಗುವುದು ಕಡಿಮೆಯಾಗಿರುತ್ತದೆ. ಹಳೆಯ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ, ಉಜ್ಜಬೇಡಿ. ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಕೈ ನಡುಗುವವರಿಗೆ ಗಡ್ಡಕ್ಕೆ ಬ್ಲೇಡಿಗಿಂತ ಎಲೆಕ್ಟ್ರಿಕ್ ಶೇವರ್ ವಾಸಿ.

ಹಾಸಿಗೆ ಹಿಡಿದವರಾದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಸೊಂಟ, ಹಿಮ್ಮಡಿ ನೋಡಿ. ನಮ್ಮ ಮೈಬಣ್ಣದಲ್ಲಿ ಕೆಂಪು ಕಾಣದೆ ಹೋಗಬಹುದು, ಮುಟ್ಟಿ ಬಿಸಿ ಇದೆಯೇ, ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸಿ.

ಇನ್ನೊಂದು ಮಾತು, ಹೆದರಿಸಲು ಅಲ್ಲ. ಪಾರ್ಕಿನ್ಸನ್ ಇರುವವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಉಳಿದವರಿಗಿಂತ ಹೆಚ್ಚು. ನಮ್ಮಂಥ ಕಂದು ಚರ್ಮದವರಿಗೆ ಅದು ಅಪರೂಪವೇ. ಬಂದರೆ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುವುದುಂಟು. ಕಾಲು ತೊಳೆಸುವಾಗ ಅಂಗಾಲನ್ನೂ ಒಮ್ಮೆ ನೋಡಿ. ಮಚ್ಚೆ ದೊಡ್ಡದಾದರೆ, ಬಣ್ಣ ಬದಲಾದರೆ, ರಕ್ತ ಬಂದರೆ ಚರ್ಮವೈದ್ಯರಿಗೆ ತೋರಿಸಿ. ಅಮಾಂಟಡಿನ್ ಮಾತ್ರೆ ತೆಗೆದುಕೊಳ್ಳುವವರ ಕಾಲಿನಲ್ಲಿ ನೇರಳೆ ಬಲೆಯಂಥ ಗೆರೆ ಕಂಡರೂ ನರರೋಗ ವೈದ್ಯರಿಗೆ ತಿಳಿಸಿ.

ಕೊನೆಗೆ, ಆ ನೆಂಟರ ವಿಷಯ. ಅವರು ಮಾತಾಡಿದಾಗ ಮಾವನವರು ಪಕ್ಕದಲ್ಲೇ ಕೂತಿದ್ದರು, ಅಲ್ಲವೇ? ಈ ಕಾಯಿಲೆಯಲ್ಲಿ ಮುಖದ ಸ್ನಾಯು ಬಿಗಿದು ನಗು, ನೋವು ಯಾವುದೂ ಹೊರಗೆ ಕಾಣುವುದಿಲ್ಲ. ಹಾಗೆಂದು ಅವರಿಗೆ ಕೇಳಿಸಲಿಲ್ಲ ಅಂದುಕೊಳ್ಳಬೇಡಿ. ಇನ್ನೊಮ್ಮೆ ಯಾರಾದರೂ ಕೇಳಿದರೆ ತಲೆ ತಗ್ಗಿಸದೆ ಹೇಳಿ: "ಇದು ಕೊಳೆ ಅಲ್ಲ ಅತ್ತೆ, ಕಾಯಿಲೆಯಿಂದ ಬಂದದ್ದು. ಔಷಧಿ ಹಚ್ತಾ ಇದ್ದೀವಿ." ನಿಮ್ಮ ಮನಸ್ಸೂ ಹಗುರವಾಗುತ್ತದೆ, ಅವರ ಮರ್ಯಾದೆಯೂ ಉಳಿಯುತ್ತದೆ.