ಮಾನಿಟರ್ ಹಿಂದೆ ಇನ್ನೊಂದು ಪೋರ್ಟ್ ಇದೆ

ನಮ್ಮ ಪ್ರಾಜೆಕ್ಟ್ ಲ್ಯಾಬಿಗೆ ಯಾವತ್ತಾದರೂ ಮಧ್ಯಾಹ್ನ ಮೂರು ಗಂಟೆಗೆ ಬಂದು ನೋಡಿ. ಪ್ರತಿ ಸೀಟಿಗೂ ಒಂದು ಡೆಸ್ಕ್‌ಟಾಪ್, ಒಂದು ದೊಡ್ಡ ಮಾನಿಟರ್. ಕೀಬೋರ್ಡನ್ನು ಮಾನಿಟರಿನ ಕಾಲಿಗೆ ಒರಗಿಸಿ ನಿಲ್ಲಿಸಿ, ಖಾಲಿಯಾದ ಒಂದಡಿ ಜಾಗದಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು, ಕತ್ತು ಬಗ್ಗಿಸಿ ಕೂತಿರುವ ಒಬ್ಬ ಫೈನಲ್ ಇಯರ್ ಪ್ರಾಣಿ. ಮಾನಿಟರಿನಲ್ಲಿ ಲಾಕ್ ಸ್ಕ್ರೀನು. ಹತ್ತು ನಿಮಿಷಕ್ಕೊಮ್ಮೆ ಆ ಪ್ರಾಣಿ ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ, ಕೀಬೋರ್ಡನ್ನು ಕೆಳಗಿಳಿಸಿ, ಪಾಸ್‌ವರ್ಡ್ ಒತ್ತಿ, ಸಿಮ್ಯುಲೇಷನ್ ಎಲ್ಲಿಗೆ ಬಂತು ಅಂತ ನೋಡಿ, ಮತ್ತೆ ಎಲ್ಲವನ್ನೂ ಮೊದಲಿನ ಹಾಗೆ ಜೋಡಿಸುತ್ತದೆ.

ನಾವು ಕೇಳುತ್ತಿರುವುದು ದೊಡ್ಡದೇನಲ್ಲ. ಲ್ಯಾಬಿನ ಮಾನಿಟರ್, ಕೀಬೋರ್ಡ್, ಮೌಸ್ ಮೂರನ್ನೂ ಲ್ಯಾಬಿನ ಕಂಪ್ಯೂಟರಿಗೂ ನಮ್ಮ ಲ್ಯಾಪ್‌ಟಾಪಿಗೂ ಹಂಚಿಕೊಳ್ಳಲು ಬಿಡಿ. ಅದಕ್ಕೆ ಪ್ರತಿ ಸೀಟಿನಲ್ಲಿ ಒಂದು ಎಚ್‌ಡಿಎಂಐ ಕೇಬಲ್, ಒಂದು ಯುಎಸ್‌ಬಿ ಸ್ವಿಚ್ ಇಡಿ. ಇದನ್ನು ಕೇಳಿದಾಗಲೆಲ್ಲ ಬರುವ ಉತ್ತರಗಳು ಎರಡು: "ಬಜೆಟ್ ಇಲ್ಲ", ಮತ್ತು "ಸೆಕ್ಯೂರಿಟಿ ಪ್ರಾಬ್ಲಂ ಆಗತ್ತೆ". ಎರಡನ್ನೂ ಕೂತು ಲೆಕ್ಕ ಹಾಕಿ ನೋಡಿದ್ದೇವೆ. ಮೊದಲನೆಯದು ನಿಲ್ಲುವುದಿಲ್ಲ. ಎರಡನೆಯದು ಅರ್ಧ ನಿಲ್ಲುತ್ತದೆ.

ಅದಕ್ಕೂ ಮುಂಚೆ, "ಎರಡು ಕಂಪ್ಯೂಟರ್ ಯಾಕಪ್ಪಾ ಬೇಕು, ಒಂದರಲ್ಲೇ ಮಾಡಿ" ಅನ್ನುವವರಿಗೆ. ನಮಗೂ ಶೋಕಿಯಲ್ಲ. ವಿಎಲ್‌ಎಸ್‌ಐ ಟೂಲುಗಳ ಲೈಸೆನ್ಸ್ ಇರುವುದು ಲ್ಯಾಬಿನ ಕಂಪ್ಯೂಟರಿನಲ್ಲಿ, ಅದನ್ನು ಲ್ಯಾಪ್‌ಟಾಪಿಗೆ ಹಾಕಿಕೊಳ್ಳುವ ಹಾಗಿಲ್ಲ. ರಿಪೋರ್ಟು, ಪಿಪಿಟಿ, ಓದಿ ಗುರುತು ಹಾಕಿಟ್ಟ ಪೇಪರುಗಳು, ಹಾಸ್ಟೆಲಿನಲ್ಲಿ ರಾತ್ರಿ ಬರೆದ ಕೋಡು ಇರುವುದು ಲ್ಯಾಪ್‌ಟಾಪಿನಲ್ಲಿ. ಲ್ಯಾಬಿನ ಮೆಷಿನ್ ಒಂದು ರನ್ನಿಗೆ ಮುಕ್ಕಾಲು ಗಂಟೆ ತೆಗೆದುಕೊಳ್ಳುವಾಗ ಸುಮ್ಮನೆ ಅದರ ಮುಖ ನೋಡುತ್ತ ಕೂರುವುದಕ್ಕಾಗುತ್ತದಾ?

ಇನ್ನೊಂದು ಮಾತು ಯಾರೂ ಎತ್ತುವುದಿಲ್ಲ, ಆದ್ದರಿಂದ ನಾವೇ ಎತ್ತುತ್ತೇವೆ. ಮನೆಯಲ್ಲಿ ಮೇಜು, ಎರಡನೇ ಮಾನಿಟರು, ಒಳ್ಳೆಯ ಕುರ್ಚಿ ಇರುವವರಿಗೆ ಲ್ಯಾಬಿನ ಮಾನಿಟರ್ ಸಿಕ್ಕರೂ ಒಂದೇ, ಸಿಗದಿದ್ದರೂ ಒಂದೇ. ಅಣ್ಣ ಬಿಟ್ಟುಕೊಟ್ಟ ಲ್ಯಾಪ್‌ಟಾಪಿನಲ್ಲಿ ಓದುತ್ತಿರುವವರು ನಮ್ಮ ನಡುವೆ ಬಹಳ ಜನ ಇದ್ದಾರೆ. ಒಬ್ಬರದ್ದಕ್ಕೆ ಹಿಂಜ್ ಮುರಿದು ಸ್ಕ್ರೀನಿಗೆ ಪುಸ್ತಕ ಆಸರೆ. ಇನ್ನೊಬ್ಬರದ್ದರಲ್ಲಿ ಸ್ಕ್ರೀನಿನ ನಡುವೆ ಹಸಿರು ಗೆರೆ. ಮತ್ತೊಬ್ಬರಿಗೆ 'ಇ' ಕೀ ಒತ್ತಿದರೆ ಮೂರು ಸಲ ಬೀಳುತ್ತದೆ, ಇಲ್ಲಾ ಬೀಳುವುದೇ ಇಲ್ಲ. ಇವರಿಗೆ ಬೇಕಿರುವುದು ಹೊಸ ಲ್ಯಾಪ್‌ಟಾಪ್ ಅಲ್ಲ, ಒಂದು ಸ್ಕ್ರೀನು ಮತ್ತು ಒಂದು ಕೀಬೋರ್ಡು. ಎರಡೂ ಅವರ ಕಣ್ಣೆದುರಿಗೇ ಇವೆ, ಲಾಕ್ ಸ್ಕ್ರೀನ್ ತೋರಿಸಿಕೊಂಡು.

ಈಗ ಬಜೆಟ್. ಒಂದು ಮಾನಿಟರ್, ಕೀಬೋರ್ಡ್, ಮೌಸನ್ನು ಎರಡು ಕಂಪ್ಯೂಟರಿಗೆ ಹಂಚುವ ಪೆಟ್ಟಿಗೆಗೆ ಕೆವಿಎಂ ಸ್ವಿಚ್ ಅಂತ ಹೆಸರು. ಸರ್ವರ್ ರೂಮುಗಳಲ್ಲಿ ಮೊದಲಿಂದ ಇರುವ ವಸ್ತು. ಇದರ ರೇಟು ಕೇಳಿಯೇ ಎಲ್ಲರೂ ಹಿಂದೆ ಸರಿಯುವುದು. 4ಕೆ ಬೇಕು, ಎರಡು ಮಾನಿಟರ್ ಬೇಕು ಅಂದರೆ ಹತ್ತು ಸಾವಿರ ದಾಟುವುದೂ ಉಂಟು. ಆದರೆ ಆ ದುಡ್ಡು ಹೋಗುವುದು ಯಾವುದಕ್ಕೆ ಅಂತ ನೋಡೋಣ. 1920 ಗುಣಿಸು 1080 ಪಿಕ್ಸೆಲ್, ಪ್ರತಿ ಪಿಕ್ಸೆಲಿಗೆ 24 ಬಿಟ್, ಸೆಕೆಂಡಿಗೆ 60 ಸಲ: ಹೆಚ್ಚುಕಡಿಮೆ 300 ಕೋಟಿ ಬಿಟ್. ಇದು ಬರೀ ಚಿತ್ರದ ಲೆಕ್ಕ, ಕೇಬಲಿನಲ್ಲಿ ಓಡುವುದು ಇನ್ನೂ ಜಾಸ್ತಿ. ಕೀಬೋರ್ಡಿನದು? ಸಾಮಾನ್ಯ ಯುಎಸ್‌ಬಿ ಕೀಬೋರ್ಡಿನ ಒಂದು ರಿಪೋರ್ಟ್ ಅಂದರೆ 8 ಬೈಟ್. ಸೆಕೆಂಡಿಗೆ 125 ಸಲ ಕಳಿಸಿತು ಅಂತಲೇ ಇಟ್ಟುಕೊಂಡರೂ 8,000 ಬಿಟ್. ಮೂರೂವರೆ ಲಕ್ಷ ಪಟ್ಟಿಗಿಂತ ಹೆಚ್ಚು ವ್ಯತ್ಯಾಸ. ಹತ್ತು ಬೆರಳಲ್ಲಿ ಎಷ್ಟು ಜೋರಾಗಿ ಕುಟ್ಟಿದರೂ ಅಷ್ಟೇ.

ಅಂದರೆ ಕೆವಿಎಂ ದುಬಾರಿಯಾಗುವುದು ಮುಖ್ಯವಾಗಿ ವಿಡಿಯೊದಿಂದ. ಅಷ್ಟು ವೇಗದ ಸಿಗ್ನಲನ್ನು ಕೆಡಿಸದೆ ಇತ್ತಿಂದತ್ತ ತಿರುಗಿಸುವುದು ಕಷ್ಟದ ಕೆಲಸ, ಸಿಗ್ನಲ್ಸ್ ಓದಿದವರಿಗೆ ಹೇಳಬೇಕಾಗಿಲ್ಲ. ಆದರೆ ಆ ಕೆಲಸ ಮಾಡುವ ಸ್ವಿಚ್ಚು ಆಗಲೇ ನಮ್ಮ ಹತ್ತಿರ ಇದೆ, ಮಾನಿಟರಿನ ಒಳಗೇ. ನಮ್ಮ ಲ್ಯಾಬಿನ ಹೆಚ್ಚಿನ ಮಾನಿಟರುಗಳ ಹಿಂದೆ ಎರಡು ಪೋರ್ಟ್ ಇವೆ. ಡೆಸ್ಕ್‌ಟಾಪ್ ವಿಜಿಎಯಲ್ಲಿ ಕೂತಿದೆ, ಎಚ್‌ಡಿಎಂಐ ಪೋರ್ಟಿಗೆ ಬಂದ ದಿನ ಹಾಕಿದ್ದ ಪ್ಲಾಸ್ಟಿಕ್ ಮುಚ್ಚಳ ಇನ್ನೂ ಹಾಗೇ ಇದೆ. ಎಚ್‌ಡಿಎಂಐಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಮಾನಿಟರಿನ ಇನ್‌ಪುಟ್ ಬಟನ್ ಒತ್ತಿದರೆ ಮುಗಿಯಿತು. ಉಳಿದದ್ದು ಆ 8,000 ಬಿಟ್‌ನ ಕೀಬೋರ್ಡು ಮತ್ತು ಅದರ ಜೊತೆಗಾರ ಮೌಸು. ಅದಕ್ಕೆ ಯುಎಸ್‌ಬಿ ಸ್ವಿಚ್ ಸಾಕು: ಒಂದು ಕಡೆ ಕೀಬೋರ್ಡ್ ಮೌಸ್, ಇನ್ನೊಂದು ಕಡೆ ಎರಡು ಕೇಬಲ್, ಮೇಲೆ ಒಂದು ಬಟನ್. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೆ ಕೆಲವು ನೂರು ರೂಪಾಯಿಯ ಮಾತು. ಕಳೆದ ಸಲದ ಟೆಕ್ ಫೆಸ್ಟಿನ ಫ್ಲೆಕ್ಸಿಗೆ ಆದ ಖರ್ಚು ನಾವು ಇಲ್ಲಿ ತೆಗೆಯುವುದಿಲ್ಲ.

ಬಟನ್ ಒತ್ತಿದಾಗ ಆಗುವುದೂ ಸರಳ. ಒಂದು ಕಂಪ್ಯೂಟರಿಗೆ ಕೀಬೋರ್ಡ್ ಕಿತ್ತ ಹಾಗೆ, ಇನ್ನೊಂದಕ್ಕೆ ಹಾಕಿದ ಹಾಗೆ ಕಾಣುತ್ತದೆ. ಅದನ್ನು ಗುರುತು ಹಿಡಿಯಲು ಒಂದೆರಡು ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಷ್ಟೇ. ಎರಡು ಸ್ಕ್ರೀನನ್ನೂ ಒಟ್ಟಿಗೆ ನೋಡಬೇಕಾದರೆ ಇನ್ನೂ ಸುಲಭ: ಮಾನಿಟರನ್ನು ಲ್ಯಾಬಿನ ಕಂಪ್ಯೂಟರಿಗೇ ಬಿಟ್ಟು, ಲ್ಯಾಪ್‌ಟಾಪನ್ನು ಪಕ್ಕದಲ್ಲಿ ನಾಲ್ಕು ರೆಫರೆನ್ಸ್ ಪುಸ್ತಕದ ಮೇಲೆ ಎತ್ತರಕ್ಕಿಟ್ಟು, ಕೀಬೋರ್ಡ್ ಒಂದನ್ನೇ ಅತ್ತಿಂದಿತ್ತ ತಿರುಗಿಸಿಕೊಳ್ಳಿ. ಸಿಮ್ಯುಲೇಷನ್ ಅಲ್ಲಿ ಓಡುತ್ತಿರುತ್ತದೆ, ರಿಪೋರ್ಟ್ ಇಲ್ಲಿ ಬರೆಯುತ್ತಿರುತ್ತೀರಿ. ನಮ್ಮ ಪ್ರಕಾರ ಇದೇ ಎಲ್ಲಕ್ಕಿಂತ ಒಳ್ಳೆ ಜೋಡಣೆ.

ಮಾನಿಟರಿನ ಅಡಿಯಲ್ಲಿ ಬೆರಳಾಡಿಸಿ ಆ ದರಿದ್ರ ಬಟನ್ ಹುಡುಕುವುದು ಬೇಸರ ಅನ್ನುವವರಿಗೆ ಒಂದು ಅಡ್ಡಮಾತು. ಮಾನಿಟರಿಗೆ ಕಂಪ್ಯೂಟರಿನಿಂದಲೇ "ಇನ್‌ಪುಟ್ ಬದಲಿಸು" ಅಂತ ಹೇಳಬಹುದು. ವಿಡಿಯೊ ಕೇಬಲಿನೊಳಗೇ ಒಂದು ಐ-ಸ್ಕ್ವೇರ್ಡ್-ಸಿ ಬಸ್ ಇದೆ, ಮೈಕ್ರೊಕಂಟ್ರೋಲರ್ ಲ್ಯಾಬಿನಲ್ಲಿ ಆರ್‌ಟಿಸಿ ಚಿಪ್ ಜೊತೆ ಒದ್ದಾಡಿದ್ದೆವಲ್ಲ, ಅದೇ. ಅದರ ಮೇಲೆ ಓಡುವ ವೇಸಾ ಸಂಸ್ಥೆಯ ಡಿಡಿಸಿ-ಸಿಐ ಅನ್ನುವ ಮಾನಕದಲ್ಲಿ ಬ್ರೈಟ್‌ನೆಸ್‌ಗೊಂದು, ಇನ್‌ಪುಟ್ ಆಯ್ಕೆಗೊಂದು ಕೋಡ್ ಇದೆ. ಲಿನಕ್ಸಿನಲ್ಲಿ ಡಿಡಿಸಿಯುಟಿಲ್ ಅನ್ನುವ ಪುಟ್ಟ ಪ್ರೋಗ್ರಾಂ ಹಾಕಿಕೊಂಡು ಒಂದು ಶಾರ್ಟ್‌ಕಟ್ ಕೀಗೆ ಕಟ್ಟಿಬಿಟ್ಟರೆ ಬಟನ್ ಮುಟ್ಟುವ ಕೆಲಸವೇ ಇಲ್ಲ. ಕೆಲವು ಮಾನಿಟರುಗಳು ಮಾತು ಕೇಳುವುದಿಲ್ಲ, ಅದು ಬೇರೆ ವಿಷಯ. ಮಿನಿ ಪ್ರಾಜೆಕ್ಟಿಗೆ ಐಡಿಯಾ ಇಲ್ಲ ಅಂತ ಅಳುವ ಜೂನಿಯರ್‌ಗಳು ಇದನ್ನು ನೋಡಬಹುದು: ಯುಎಸ್‌ಬಿ ಸ್ವಿಚ್ ಒತ್ತಿದ ಕೂಡಲೇ ಮಾನಿಟರೂ ತಾನಾಗಿ ತಿರುಗಬೇಕು.

ಇನ್ನು ಸೆಕ್ಯೂರಿಟಿ. ಇಲ್ಲಿ ನಮ್ಮ ಸ್ನೇಹಿತರ ಜೊತೆಗೇ ನಮಗೆ ಜಗಳ. "ಸ್ವಿಚ್ ಯಾಕೆ, ಸಾಫ್ಟ್‌ವೇರ್ ಇದೆಯಲ್ಲ ಮಗಾ, ಫ್ರೀ" ಅನ್ನುತ್ತಾರೆ. ಇದೆ, ನಿಜ. ಮೌಸನ್ನು ಒಂದು ಸ್ಕ್ರೀನಿನ ಅಂಚಿಗೆ ತಳ್ಳಿದರೆ ಪಕ್ಕದ ಕಂಪ್ಯೂಟರಿನ ಸ್ಕ್ರೀನಿನಲ್ಲಿ ಹೊರಬರುತ್ತದೆ, ಕೀಬೋರ್ಡೂ ಹಿಂದೆಯೇ ಹೋಗುತ್ತದೆ. ಮೊದಲ ಸಲ ನೋಡಿದವರು ಬಾಯಿ ಬಿಡುವುದು ಸಹಜ. ಈ ಕುಟುಂಬದ ಹಿರಿಯ ಸಿನರ್ಜಿ, 2001ರಲ್ಲಿ ಶುರುವಾದದ್ದು. ಅದರಿಂದ ಒಡೆದದ್ದು ಬ್ಯಾರಿಯರ್, ಬ್ಯಾರಿಯರಿನಿಂದ ಒಡೆದದ್ದು ಇನ್‌ಪುಟ್ ಲೀಪ್. ಸಿನರ್ಜಿಯ ಮುಕ್ತ ಆವೃತ್ತಿ 2024ರಲ್ಲಿ ಡೆಸ್ಕ್‌ಫ್ಲೋ ಅಂತ ಹೆಸರು ಬದಲಿಸಿಕೊಂಡಿತು. ಎರಡೂ ವಿಂಡೋಸ್ ಆದರೆ ಮೈಕ್ರೊಸಾಫ್ಟ್‌ನ ಮೌಸ್ ವಿದೌಟ್ ಬಾರ್ಡರ್ಸ್ ಇದೆ, ಈಗ ಪವರ್‌ಟಾಯ್ಸ್ ಒಳಗೇ ಸಿಗುತ್ತದೆ. ಆ್ಯಪಲ್‌ನವರು 2022ರಲ್ಲಿ ಯೂನಿವರ್ಸಲ್ ಕಂಟ್ರೋಲ್ ಕೊಟ್ಟರು, ಅದು ಅವರವರೊಳಗೆ ಮಾತ್ರ. ನಿಮ್ಮ ರೂಮಿನಲ್ಲಿ, ನಿಮ್ಮದೇ ಎರಡು ಮೆಷಿನ್‌ಗೆ ಇವುಗಳಲ್ಲಿ ಯಾವುದನ್ನಾದರೂ ಹಾಕಿಕೊಳ್ಳಿ, ಚೆನ್ನಾಗಿವೆ.

ಲ್ಯಾಬಿನಲ್ಲಿ ಮಾತ್ರ ಬೇಡ. ಇವೆಲ್ಲ ಕೆಲಸ ಮಾಡುವುದು ನೆಟ್‌ವರ್ಕ್ ಮೂಲಕ. ಕೀಬೋರ್ಡ್ ಇರುವ ಕಂಪ್ಯೂಟರು ಒಂದು ಪೋರ್ಟ್ ತೆರೆದುಕೊಂಡು ಕಾಯುತ್ತದೆ (ಸಿನರ್ಜಿ ಬಳಗದಲ್ಲಿ ಸಾಮಾನ್ಯವಾಗಿ 24800), ಇನ್ನೊಂದು ಬಂದು ಸೇರಿಕೊಳ್ಳುತ್ತದೆ. ಆಮೇಲೆ ನೀವು ಒತ್ತುವ ಪ್ರತಿ ಕೀಯೂ, ಪಾಸ್‌ವರ್ಡ್ ಸಮೇತ, ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ಓಡಾಡುತ್ತದೆ. ಎನ್‌ಕ್ರಿಪ್ಷನ್ ಇದೆ ಅನ್ನಬಹುದು. ಇದೆ, ಯಾರೂ ಆಫ್ ಮಾಡದಿದ್ದರೆ. "ಕನೆಕ್ಟ್ ಆಗ್ತಿಲ್ಲ" ಅಂದ ಕೂಡಲೇ ಮೊದಲು ಸಿಗುವ ಸಲಹೆಯೇ ಅದನ್ನು ಆಫ್ ಮಾಡು ಅನ್ನುವುದು. ಇನ್ನು 2021ರಲ್ಲಿ ಬ್ಯಾರಿಯರಿನಲ್ಲಿ ಸಿಕ್ಕ ದೋಷಗಳಲ್ಲಿ ಒಂದು ಏನೆಂದರೆ, ಬಂದು ಸೇರುವ ಕಂಪ್ಯೂಟರ್ ಯಾರದ್ದು ಅಂತ ಸರ್ವರ್ ಸರಿಯಾಗಿ ಪರೀಕ್ಷೆ ಮಾಡುತ್ತಿರಲಿಲ್ಲ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿದರು. ಆದರೆ ಲ್ಯಾಬಿನ ಕಂಪ್ಯೂಟರಿನಲ್ಲಿ ಸೀನಿಯರ್ ಯಾರೋ ಹಾಕಿಹೋದ ಹಳೆಯ ಆವೃತ್ತಿಯನ್ನು ಅಪ್‌ಡೇಟ್ ಮಾಡುವವರು ಯಾರು? ಲ್ಯಾಬ್ ಸರ್ ಇದಕ್ಕೆ ಅಡ್ಮಿನ್ ಪಾಸ್‌ವರ್ಡ್ ಕೊಡುವುದಿಲ್ಲ ಅನ್ನುವುದು ನ್ಯಾಯವಾಗಿಯೇ ಇದೆ, ನಾವು ಅವರ ಪಕ್ಷ.

ಆದರೆ ಅದೇ ಕಾರಣ ಹೇಳಿ ಯುಎಸ್‌ಬಿ ಸ್ವಿಚ್ಚನ್ನೂ ಬೇಡ ಅನ್ನುವುದು ತಪ್ಪು. "ನಿಮ್ಮ ಲ್ಯಾಪ್‌ಟಾಪಿನ ವೈರಸ್ಸು ಲ್ಯಾಬಿಗೆ ಬರತ್ತೆ" ಅನ್ನುತ್ತಾರೆ. ಸ್ವಿಚ್ ಎರಡು ಕಂಪ್ಯೂಟರನ್ನು ಒಂದಕ್ಕೊಂದು ಜೋಡಿಸುವುದಿಲ್ಲ. ಕೀಬೋರ್ಡು ಒಂದು ಹೊತ್ತಿಗೆ ಒಂದರ ಕಡೆ ಮಾತ್ರ ಇರುತ್ತದೆ. ಅದರಲ್ಲಿ ಫೈಲ್ ಹೋಗುವ ದಾರಿಯೇ ಇಲ್ಲ. ಸ್ವಿಚ್ಚಿನ ಖಾಲಿ ಪೋರ್ಟಿಗೆ ಯಾರಾದರೂ ಪೆನ್ ಡ್ರೈವ್ ತುರುಕಿದರೆ ಅಪಾಯ ಇದೆ, ಹೌದು. ಆ ಪೋರ್ಟುಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಇಲ್ಲಾ ಎರಡೇ ಪೋರ್ಟಿನ ಸ್ವಿಚ್ ತನ್ನಿ. ಡೆಸ್ಕ್‌ಟಾಪಿನ ಮುಂಭಾಗದಲ್ಲಿ ಇವತ್ತೂ ಎರಡು ಯುಎಸ್‌ಬಿ ಪೋರ್ಟ್ ಬಾಯಿ ತೆರೆದುಕೊಂಡು ಕೂತಿವೆ, ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿಲ್ಲ ಅನ್ನುವುದು ಬೇರೆ. ಲ್ಯಾಬಿನ ಕೀಬೋರ್ಡಿನಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಹೊಡೆಯಬಾರದು ಅನ್ನುವುದು ಸ್ವಿಚ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಕನ್ನಡ ಬಳಗದವರಾಗಿ ನಮಗೆ ಸ್ವಿಚ್ಚೇ ಬೇಕು ಅನ್ನಿಸಲು ಇನ್ನೊಂದು ಕಾರಣ ಇದೆ. ಈ ಪತ್ರಿಕೆಗೆ ಟೈಪ್ ಮಾಡುವವರಿಗೆ ಇದು ಗೊತ್ತಾಗಬೇಕು. ಕೀಬೋರ್ಡು ನಿಜವಾಗಿ ಅಕ್ಷರ ಕಳಿಸುವುದಿಲ್ಲ, "ಇಷ್ಟನೇ ನಂಬರಿನ ಕೀ ಒತ್ತಿದರು" ಅಂತ ಕಳಿಸುತ್ತದೆ. ಅದು 'ಕೆ' ಆಗಬೇಕೋ 'ಕ್' ಆಗಬೇಕೋ ಅನ್ನುವುದನ್ನು ತೀರ್ಮಾನಿಸುವುದು ಕಂಪ್ಯೂಟರು, ಅದರಲ್ಲಿ ಹಾಕಿರುವ ಕೀಲಿಮಣೆ ವಿನ್ಯಾಸದ ಪ್ರಕಾರ. ಯುಎಸ್‌ಬಿ ಸ್ವಿಚ್ ಆ ನಂಬರನ್ನು ಹಾಗೆಯೇ ದಾಟಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ನುಡಿ ಇರಲಿ, ಇನ್‌ಸ್ಕ್ರಿಪ್ಟ್ ಇರಲಿ, ಕೆ.ಪಿ. ರಾವ್ ಅವರ ವಿನ್ಯಾಸ ಇರಲಿ, ನೇರವಾಗಿ ಕೀಬೋರ್ಡ್ ಸಿಕ್ಕಿಸಿದಾಗ ಹೇಗೋ ಹಾಗೆಯೇ ನಡೆಯುತ್ತದೆ. ಸಿನರ್ಜಿ ಬಳಗದ ಸಾಫ್ಟ್‌ವೇರುಗಳು ಹಾಗಲ್ಲ. ಕೀಬೋರ್ಡ್ ಇರುವ ಕಂಪ್ಯೂಟರಿನಲ್ಲಿಯೇ ಅದನ್ನು ಅಕ್ಷರ ಮಾಡಿಕೊಂಡು, ಆ ಅಕ್ಷರವನ್ನು ಆಚೆ ಕಳಿಸಿ, ಅಲ್ಲಿ ಅದನ್ನು ಮೂಡಿಸುವ ಕೀ ಯಾವುದು ಅಂತ ಹುಡುಕುತ್ತವೆ. ಎರಡೂ ಕಡೆ ವಿನ್ಯಾಸ ಹೊಂದದಿದ್ದರೆ ಒತ್ತಕ್ಷರ ಬೀಳಬೇಕಾದ ಕಡೆ ಇಂಗ್ಲಿಷ್ ಅಕ್ಷರ ಬೀಳುತ್ತದೆ, ಇಲ್ಲಾ ಏನೂ ಬೀಳುವುದಿಲ್ಲ. ಇಂಗ್ಲಿಷ್ ಒಂದನ್ನೇ ಟೈಪ್ ಮಾಡುವವರಿಗೆ ಈ ತೊಂದರೆ ಇದೆ ಅಂತಲೇ ಗೊತ್ತಾಗುವುದಿಲ್ಲ. ಎರಡು ಭಾಷೆಯಲ್ಲಿ ಬದುಕುವವರಿಗೆ ಗೊತ್ತಾಗುತ್ತದೆ.

ಸಣ್ಣಪುಟ್ಟ ತಕರಾರುಗಳೂ ಇವೆ. ಕೇಬಲ್ ಕಳವಾಗತ್ತೆ ಅನ್ನುತ್ತಾರೆ: ಮೇಜಿನ ಕಾಲಿಗೆ ಕೇಬಲ್ ಟೈ ಹಾಕಿ ಬಿಗಿದುಬಿಡಿ, ಪ್ರೊಜೆಕ್ಟರಿನ ಕೇಬಲ್ ಹಾಗೇ ತಾನೆ ಇಷ್ಟು ವರ್ಷ ಉಳಿದಿರುವುದು. ಪ್ರಾಕ್ಟಿಕಲ್ ಪರೀಕ್ಷೆ ಇರುವ ದಿನ ಸ್ವಿಚ್ಚುಗಳನ್ನು ತೆಗೆದು ಬೀರುವಿನಲ್ಲಿಡಲಿ, ಅದಕ್ಕೆ ನಮ್ಮ ಒಪ್ಪಿಗೆ ಇದೆ. ಹೊಸ ತೆಳು ಲ್ಯಾಪ್‌ಟಾಪುಗಳಲ್ಲಿ ಎಚ್‌ಡಿಎಂಐ ಇಲ್ಲ, ಟೈಪ್-ಸಿ ಮಾತ್ರ ಇದೆ, ಮತ್ತು ಎಲ್ಲ ಟೈಪ್-ಸಿ ಪೋರ್ಟೂ ವಿಡಿಯೊ ಕೊಡುವುದಿಲ್ಲ. ಅವರು ತಮ್ಮ ಅಡಾಪ್ಟರ್ ತಾವೇ ತರಲಿ. ಎಲ್ಲ ಲ್ಯಾಬಿಗೂ ಒಂದೇ ಸಲ ಮಾಡಿ ಅಂತಲೂ ನಾವು ಹಠ ಹಿಡಿಯುವುದಿಲ್ಲ. ಪ್ರಾಜೆಕ್ಟ್ ಲ್ಯಾಬಿನ ಕಿಟಕಿ ಪಕ್ಕದ ಒಂದು ಸಾಲು ಸಾಕು, ಒಂದು ಸೆಮಿಸ್ಟರ್ ನೋಡೋಣ. ಮಾನಿಟರ್ ಕೆಟ್ಟರೆ ಯಾರು ಜವಾಬ್ದಾರಿ ಅನ್ನುವ ಪ್ರಶ್ನೆ ಮಾತ್ರ ಗಟ್ಟಿಯಾಗಿದೆ. ಲ್ಯಾಬಿನ ಲಾಗ್ ಬುಕ್ಕಿನಲ್ಲಿ ಸೀಟ್ ನಂಬರ್, ಯುಎಸ್‌ಎನ್, ಸಮಯ ಬರೆದು ಕೂರುವುದು ಅಂತ ಮಾಡಿದರೆ ಅದಕ್ಕೂ ದಾರಿಯಾಗುತ್ತದೆ. ಈಗ ಆ ಪುಸ್ತಕಕ್ಕೆ ಸಹಿ ಹಾಕುವವರೇ ಇಲ್ಲ.

ಎಚ್‌ಒಡಿ ಸರ್‌ಗೆ ಕೊಡುವ ಪತ್ರ ಬರೆದಾಗಿದೆ. ಅದರ ಜೊತೆ ಯಾವ ಸೀಟಿನ ಮಾನಿಟರಿನಲ್ಲಿ ಯಾವ ಪೋರ್ಟ್ ಇದೆ ಅನ್ನುವ ಪಟ್ಟಿ ಇದ್ದರೆ "ನೋಡೋಣ" ಅಂತ ಹೇಳಿ ಕಳಿಸಲು ಆಗುವುದಿಲ್ಲ. ಈ ವಾರ ಲ್ಯಾಬಿನಲ್ಲಿ ಕೂತವರು ಒಂದು ಸಲ ಮಾನಿಟರನ್ನು ತಿರುಗಿಸಿ ಹಿಂದೆ ನೋಡಿ. ವಿಜಿಎ ಮಾತ್ರವೋ, ಡಿವಿಐ ಇದೆಯೋ, ಎಚ್‌ಡಿಎಂಐ ಇದೆಯೋ ಬರೆದು, ಸೀಟ್ ನಂಬರ್ ಹಾಕಿ, ನಿಮ್ಮ ಸೆಕ್ಷನ್ನಿನ ಸಿಆರ್ ಕೈಗೆ ಕೊಡಿ. ಧೂಳು ಜಾಸ್ತಿ ಇದೆ, ಕರ್ಚೀಫ್ ಇಟ್ಟುಕೊಳ್ಳಿ.