ಹಳೆಯ ಲ್ಯಾಪ್‌ಟಾಪಿಗೆ ಯಾವ ಬ್ರೌಸರ್?



ನಿಧಾನವಾಯಿತೆಂದು ಮೂಲೆಗಿಟ್ಟ ಲ್ಯಾಪ್‌ಟಾಪ್ ನಿಮ್ಮ ಮನೆಯಲ್ಲೂ ಇರಬಹುದು. ಎಸೆಯಬೇಡಿ. ನಮ್ಮ ಮನೆಯದಕ್ಕೆ ಲಿನಕ್ಸ್ ಹಾಕಿ ಮಗಳ ಕನ್ನಡ ತರಗತಿಗೆ ಕೊಟ್ಟೆವು. ಆಮೇಲೆ ಎದ್ದ ಪ್ರಶ್ನೆ: ಬ್ರೌಸರ್ ಯಾವುದು?

ವೇಗವೊಂದನ್ನೇ ನೋಡಿದರೆ ಡಿಲ್ಲೊ ಎಲ್ಲರಿಗಿಂತ ಮುಂದೆ. ಆದರೆ ಅದು ಜಾವಾಸ್ಕ್ರಿಪ್ಟನ್ನು ಓಡಿಸುವುದಿಲ್ಲ, ಹಾಗಾಗಿ ವಿಡಿಯೊ ತರಗತಿ ಅದರಲ್ಲಿ ನಡೆಯದು. ಕ್ರೋಮಿಯಂ ಚುರುಕು. ಆದರೆ ಟ್ಯಾಬ್‌ಗಳು ಹೆಚ್ಚಿದಂತೆ ಮೆಮೊರಿಯನ್ನು ನುಂಗುತ್ತದೆ. ವಿವಾಲ್ಡಿಯಲ್ಲಿ ಟಿಪ್ಪಣಿ, ಟ್ಯಾಬ್ ಗುಂಪುಗಳಂಥ ಸೌಲಭ್ಯಗಳು ಹೇರಳ. ಬ್ರೇವ್ ಜಾಹೀರಾತುಗಳನ್ನು ತಾನೇ ತಡೆಯುತ್ತದೆ. ಆದರೆ ಈ ಮೂರರ ಹೆಸರು ಬೇರೆಯಾದರೂ ಒಳಗಿನ ಎಂಜಿನ್ ಒಂದೇ, ಬ್ಲಿಂಕ್.

ನನ್ನ ಮತ ಫೈರ್‌ಫಾಕ್ಸಿಗೆ. ಅದರ ಗೆಕೊ ಎಂಜಿನ್ ಸ್ವತಂತ್ರವಾದದ್ದು. ಎಲ್ಲರೂ ಒಂದೇ ಎಂಜಿನ್ ಬಳಸಿದರೆ ಅಂತರ್ಜಾಲದ ನಿಯಮಗಳೂ ಒಬ್ಬರ ಕೈಗೇ ಹೋಗುತ್ತವೆ. ಯುಬ್ಲಾಕ್ ಆರಿಜಿನ್ ಸೇರಿಸಿಕೊಂಡರೆ ಜಾಹೀರಾತುಗಳು ನಿಂತು ಹಳೆಯ ಯಂತ್ರದ ಹೊರೆಯೂ ಇಳಿಯುತ್ತದೆ. ಕೆಲವು ಪುಟಗಳು ಕ್ರೋಮಿಯಂನಲ್ಲೇ ಚೆನ್ನಾಗಿ ತೆರೆಯುತ್ತವೆ, ನಿಜ. ಅದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಕಾರಣವಿದೆ. ಫೈರ್‌ಫಾಕ್ಸನ್ನು ಕನ್ನಡಕ್ಕೆ ತಂದವರು ಸ್ವಯಂಸೇವಕರು. ಮಕ್ಕಳೇ, ಒಮ್ಮೆ ಮೆನುವನ್ನು ಕನ್ನಡಕ್ಕೆ ಬದಲಿಸಿ ಓದಿ ನೋಡಿ. ಯಾವುದಾದರೂ ಪದ ಸರಿಯಿಲ್ಲ ಎನಿಸಿದರೆ ಅಪ್ಪ ಅಮ್ಮನ ಜೊತೆ ಕೂತು ಮೊಜಿಲ್ಲಾದ ಪಾಂಟೂನ್ ತಾಣದಲ್ಲಿ ನಿಮ್ಮ ಸಲಹೆ ಬರೆಯಿರಿ. ಒಪ್ಪಿಗೆಯಾದರೆ ನೀವು ಆರಿಸಿದ ಪದವನ್ನು ಊರಿನಲ್ಲಿರುವ ಅಜ್ಜಿಯೂ ತಮ್ಮ ಕಂಪ್ಯೂಟರಿನಲ್ಲಿ ಓದಬಹುದು. ಕಲಿತ ಕನ್ನಡ ಕೆಲಸಕ್ಕೆ ಬರುವುದು ಎಂದರೆ ಇದೇ ಅಲ್ಲವೇ?