ಹಂದರಕ್ಕೂ ಮೊದಲು ಎರಡು ದಿನ

ಮದುವೆ ಗೊತ್ತಾದ ಹುಡುಗಿ ಮನೆ ಮುಂದೆ ಹಂದರ ಏಳುವ ಮೊದಲು ಗೆಳತಿಯರನ್ನು ಕೂಡಿಕೊಂಡು ಒಂದೆರಡು ದಿನ ದೊಡ್ಡ ಪೇಟೆಯಲ್ಲಿ ಕಳೆದು ಬರುವುದಕ್ಕೆ ಶಹರದವರು ಬ್ಯಾಚುಲರೆಟ್ ಟ್ರಿಪ್ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇಂಥ ಕೂಟಕ್ಕೆ ಹೆನ್ ಪಾರ್ಟಿ ಎಂದು ಹೆಸರು. ತುರ್ಕಿಯಲ್ಲಿ ಮದುವೆಯ ಹಿಂದಿನ ರಾತ್ರಿ ಹೆಂಗಸರು ಸೇರಿ ಮದುಮಗಳ ಅಂಗೈಗೆ ಮದರಂಗಿ ಮೆತ್ತುತ್ತಾರೆ, ತವರು ಬಿಡುವ ಹಾಡು ಹೇಳಿ ಅವಳ ಕಣ್ಣಲ್ಲಿ ನೀರು ತರಿಸುತ್ತಾರೆ. ಬೆಂಗಳೂರಿನ ಹುಡುಗಿಯರು ಗೋವಾದ ಹಾದಿ ಹಿಡಿಯುವುದುಂಟು. ಗದಗ ತಾಲ್ಲೂಕಿನ ಹೊಂಬಳದ ಹುಡುಗಿಗೆ ಈ ಕೆಲಸಕ್ಕೆ ತಕ್ಕ ಪೇಟೆ ಹುಬ್ಬಳ್ಳಿ. ಮೊದಲು ಗದಗ, ಅಲ್ಲಿಂದ ಸುಮಾರು 60 ಕಿ.ಮೀ. ಹುಬ್ಬಳ್ಳಿ. ಬೆಳಗಿನ ಬಸ್ಸು ಹಿಡಿದರೆ ಬಿಸಿಲು ಏರುವುದರೊಳಗೆ ತಲುಪಬಹುದು.

ಮದುವೆಗೆ ಮುಂಚೆ ಹೆಂಗಸರೇ ಕೂಡುವ ಹೊತ್ತುಗಳು ಈ ಸೀಮೆಗೆ ಹೊಸವಲ್ಲ. ಕುಂಬಾರರ ಮನೆಯಿಂದ ಐರಾಣಿ ಕೊಡ ತರಲು ಓಣಿಯ ಹೆಂಗಸರು ಹಾಡುತ್ತ ಹೋಗುತ್ತಾರೆ. ಬಳಿ ಇಡಿಸುವ ದಿನ ಮನೆಯ ಪಡಸಾಲೆ ತುಂಬ ಮುತ್ತೈದೆಯರೇ. ಅರಿಷಿಣ ಹಚ್ಚುವಾಗ ಸೋಬಾನೆ ಹೇಳುವವರು, ಕಾಡಿಸುವವರು, ಕಣ್ಣು ಒರೆಸಿಕೊಳ್ಳುವವರು ಎಲ್ಲ ಅವರೇ. ಆದರೆ ಇವುಗಳಲ್ಲಿ ಯಾವುದೂ ಮದುಮಗಳು ತಾನಾಗಿ ಗೊತ್ತುಮಾಡಿದ ಹೊತ್ತಲ್ಲ. ಯಾರನ್ನು ಕರೆಯಬೇಕು, ಯಾವ ಹಾಡು ಹೇಳಬೇಕು ಎಂಬುದನ್ನು ಹಿರಿಯರು ನಡೆಸುತ್ತಾರೆ. ಅವಳು ಮಣೆಯ ಮೇಲೆ ತಲೆ ಬಗ್ಗಿಸಿ ಕೂತಿರುತ್ತಾಳೆ.

ಜವಳಿಯ ಮಾತು ಇನ್ನೂ ಸ್ಪಷ್ಟ. ಎರಡೂ ಕಡೆಯ ಬೀಗರು ಟ್ರ್ಯಾಕ್ಸ್ ತುಂಬ ಕೂತು ಗದಗಿನ ಟಾಂಗಾಕೂಟದ ಸುತ್ತಿನ ಅಂಗಡಿಗಳಿಗೋ ಹುಬ್ಬಳ್ಳಿಗೋ ಹೋಗುತ್ತಾರೆ. ಗಾದಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಸೀರೆ ಹರವಿಸಿ ನೋಡುತ್ತಾರೆ. ಅತ್ತೆಗೆ, ಸೋದರತ್ತೆಗೆ, ಅಕ್ಕಂದಿರಿಗೆ, ಆಯೇರಿಗೆ ಎಂದು ಲೆಕ್ಕ ನಡೆಯುತ್ತದೆ. ಮದುಮಗಳು ಬಾರದ ಜವಳಿಯೂ ಉಂಟು. ಬಂದರೂ ಬೀಗರ ಎದುರು ಬಣ್ಣ ಹಿಡಿಸಲಿಲ್ಲ ಎಂದು ಬಾಯಿಬಿಟ್ಟು ಹೇಳುವ ಹುಡುಗಿ ಅಪರೂಪ. ಗೆಳತಿಯರ ಜೊತೆಗಿನ ಎರಡು ದಿನಕ್ಕೆ ಬೆಲೆ ಬರುವುದು ಈ ಕಾರಣಕ್ಕೆ. ಹೋಗುವ ಊರು, ಉಣ್ಣುವ ಊಟ, ಕೊಳ್ಳುವ ಬಳೆ, ಕೂತು ಮಾತಾಡುವ ಹೊತ್ತು ಎಲ್ಲವನ್ನೂ ಅವಳೇ ಹೇಳಿದರೆ ಮಾತ್ರ ಅದು ಅವಳ ಪ್ರವಾಸ. ಗೆಳತಿಯರು ತಮಗೆ ಬೇಕಾದದ್ದನ್ನು ಅವಳ ಹೆಸರಿನಲ್ಲಿ ಮಾಡಿಕೊಂಡರೆ ಅದೂ ಇನ್ನೊಂದು ಜವಳಿಯೇ ಆದೀತು.

ಇಂಥ ಪ್ರವಾಸ ಹಳ್ಳಿಯ ಹುಡುಗಿಯರ ಕೈಗೆಟುಕುವಂತಾದದ್ದರಲ್ಲಿ ಶಕ್ತಿ ಯೋಜನೆಯ ಪಾಲು ದೊಡ್ಡದು. 2023ರ ಜೂನ್ 11ರಂದು ಅದು ಜಾರಿಗೆ ಬಂದಾಗಿನಿಂದ ಕರ್ನಾಟಕದ ಹೆಣ್ಣುಮಕ್ಕಳು ರಾಜ್ಯದೊಳಗೆ ಸಾರಿಗೆ ಸಂಸ್ಥೆಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ದುಡ್ಡಿಲ್ಲದೆ ಓಡಾಡಬಹುದು. ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರು ಶೂನ್ಯ ಮೊತ್ತದ ಟಿಕೆಟು ಹರಿದು ಕೊಡುತ್ತಾರೆ. ಐಷಾರಾಮಿ ಬಸ್ಸುಗಳಿಗೆ, ರೈಲಿಗೆ ಇದು ಅನ್ವಯಿಸುವುದಿಲ್ಲ. ಹಣ ಉಳಿಯುವುದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿದೆ. ಬಸ್ ಚಾರ್ಜಿಗೆ ಅಪ್ಪನ ಮುಂದೋ ಅಣ್ಣನ ಮುಂದೋ ಕೈಯೊಡ್ಡಬೇಕಾಗಿಲ್ಲ ಎಂಬ ಒಂದೇ ಸಂಗತಿಯಿಂದ ಮನೆಯಲ್ಲಿ ನಡೆಯುವ ಮಾತಿನ ಧಾಟಿಯೇ ಬದಲಾಗುತ್ತದೆ.

ದಿನ ಗೊತ್ತುಮಾಡುವುದು ಮೊದಲ ಕೆಲಸ. ಅರಿಷಿಣ ಹಚ್ಚಿದ ಮೇಲೆ ಮದುಮಗಳು ಊರ ಸೀಮೆ ದಾಟಬಾರದು ಎಂಬ ನಂಬಿಕೆ ಮನೆಮನೆಯಲ್ಲಿದೆ, ಅದರ ಜೊತೆ ಜಗ್ಗಾಡುವುದರಲ್ಲಿ ಲಾಭವಿಲ್ಲ. ಮದುವೆಗೆ ಎರಡು ಮೂರು ವಾರ ಮೊದಲೇ ಹೋಗಿಬಂದರೆ ಆಯಾಸ ಆರುತ್ತದೆ, ಕುಪ್ಪಸ ಹೊಲಿಸಲೂ ವೇಳೆ ಸಿಗುತ್ತದೆ. ಎರಿ ಹೊಲದ ಸೀಮೆಯಲ್ಲಿ ಸುಗ್ಗಿಯ ಲೆಕ್ಕವನ್ನೂ ಹಿಡಿಯಬೇಕು. ಹೆಸರು ಬಿಡಿಸುವಾಗ, ಕಡಲೆ ಕೀಳುವಾಗ ಮನೆಯ ಹೆಣ್ಣುಮಕ್ಕಳನ್ನು ಹೊಲ ಬಿಡುವುದಿಲ್ಲ. ಗೆಳತಿಯರ ಪರೀಕ್ಷೆ ಯಾವಾಗ ಎಂದು ಕೇಳಬೇಕು. ಅಮಾವಾಸ್ಯೆಯ ಹಿಂದುಮುಂದೆ ಪ್ರಯಾಣ ಬೇಡ ಎನ್ನುವ ಮನೆಗಳಿವೆ, ಕ್ಯಾಲೆಂಡರು ನೋಡಿಯೇ ದಿನ ಹೇಳಿದರೆ ಆ ಮಾತು ಬರುವುದೇ ಇಲ್ಲ.

ಯಾರು ಯಾರು ಎಂಬುದು ಇದಕ್ಕಿಂತ ಕಷ್ಟದ್ದು. ಐದಾರು ಜನ ಹದವಾದ ಸಂಖ್ಯೆ. ಎರಡು ಕೋಣೆ ಸಾಕು, ಒಂದು ಮೇಜಿನ ಸುತ್ತ ಕೂಡಬಹುದು, ಒಬ್ಬಳು ಹಿಂದುಳಿದರೂ ಗೊತ್ತಾಗುತ್ತದೆ. ಓಣಿಯ ಗೆಳತಿಯರು, ಗದಗಿನ ಕಾಲೇಜಿನ ಗೆಳತಿಯರು, ಕೆಲಸದ ಕಡೆಯವರು ಒಬ್ಬರಿಗೊಬ್ಬರು ಹೊಸಬರಾದರೆ ಹೊರಡುವ ಮೊದಲೇ ಒಮ್ಮೆ ಪರಿಚಯ ಮಾಡಿಸುವುದು ಒಳ್ಳೆಯದು. ಆಗಲೇ ಮದುವೆಯಾಗಿ ಗಂಡನ ಮನೆಯಲ್ಲಿರುವ ಗೆಳತಿ ಸಾಮಾನ್ಯವಾಗಿ ಪಟ್ಟಿಯಿಂದ ಬಿಟ್ಟುಹೋಗುತ್ತಾಳೆ, ಅವಳಿಗೆ ಬರಲಾಗದು ಎಂದು ಉಳಿದವರೇ ತೀರ್ಮಾನಿಸಿಬಿಡುತ್ತಾರೆ. ಅವಳನ್ನು ಮೊದಲು ಕರೆಯಬೇಕು. ಕಂಕುಳಲ್ಲಿ ಕೂಸಿದ್ದರೆ ಕೂಸಿನ ಸಮೇತ ಕರೆಯಬೇಕು. ಪಂಚಮಿಗೆ ತವರಿಗೆ ಬಂದಾಗ ಜೋಕಾಲಿಯ ಹತ್ತಿರ ಸಿಗುವ ಅರ್ಧ ತಾಸು ಬಿಟ್ಟರೆ ಆ ಗೆಳತಿಗೆ ಇಂಥ ಬಿಡುವು ವರ್ಷದಲ್ಲಿ ಮತ್ತೆಲ್ಲೂ ಇಲ್ಲ.

ಹಣದ ಮಾತನ್ನು ಮುಚ್ಚಿಡಬಾರದು. ಊರ ಜಾತ್ರೆಗೆ ಪಟ್ಟಿ ಎತ್ತುವಾಗ ಒಕ್ಕಲಿನ ಶಕ್ತಿ ನೋಡುವಂತೆ ಇಲ್ಲಿಯೂ ನೋಡಬೇಕು. ಎಲ್ಲರಿಗಿಂತ ಕಡಿಮೆ ಕೊಡಬಲ್ಲವಳು ಯಾರೋ ಅವಳು ನಿರಾಳವಾಗಿ ಕೊಡುವಷ್ಟೇ ಎಲ್ಲರ ಪಾಲು ಆಗಬೇಕು. ಹೆಚ್ಚು ಉಳ್ಳವರು ಹೆಚ್ಚಿನದನ್ನು ಸದ್ದಿಲ್ಲದೆ ಸೇರಿಸಲಿ. ಸ್ವಸಹಾಯ ಸಂಘದ ಉಳಿತಾಯ ತಾಯಂದಿರಿಗೆ ರೂಢಿಯೇ ಇದೆ, ಅದೇ ದಾರಿ ಇಲ್ಲಿಗೂ ಸಾಕು. ವಾರಕ್ಕೆ 100 ರೂಪಾಯಿಯಂತೆ 10 ವಾರ ಕೂಡಿಟ್ಟರೆ ತಲೆಗೆ 1,000 ಆಗುತ್ತದೆ, ಆರು ಜನಕ್ಕೆ 6,000. ಬಸ್ಸಿಗೆ ಖರ್ಚಿಲ್ಲದಿದ್ದರೆ ಇಷ್ಟರಲ್ಲಿ ಒಂದು ರಾತ್ರಿಯ ಸಾಧಾರಣ ಕೋಣೆ, ಊಟ, ಸಿನಿಮಾ ನಿಭಾಯಿಸಬಹುದು. ಮದುಮಗಳ ಪಾಲನ್ನು ಉಳಿದವರು ಹಂಚಿಕೊಳ್ಳುವುದು ಶಹರದ ರೂಢಿ. ಅದು ಚೆಂದದ ರೂಢಿ, ತೆಗೆದುಕೊಳ್ಳಬಹುದು. ಲೆಕ್ಕ ಒಬ್ಬಳ ಕೈಯಲ್ಲಿರಲಿ, ಚೀಟಿ ಎಲ್ಲರೂ ನೋಡುವಂತಿರಲಿ.

ಉಳಿಯುವ ಜಾಗದ ವಿಷಯದಲ್ಲಿ ಹೇಳಬೇಕಾದದ್ದು ಕಡಿಮೆ. ಹುಬ್ಬಳ್ಳಿಯಲ್ಲಿ ಒಂದಕ್ಕಿಂತ ಹೆಚ್ಚು ಬಸ್ ನಿಲ್ದಾಣಗಳಿರುವುದರಿಂದ ಗದಗಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿಕೊಂಡು, ಅದಕ್ಕೂ ಪೇಟೆಗೂ ಹತ್ತಿರದ ಕೋಣೆಯನ್ನು ಮುಂಚೆಯೇ ಗೊತ್ತುಮಾಡಬೇಕು. ಪ್ರತಿಯೊಬ್ಬಳೂ ತನ್ನ ಗುರುತಿನ ಚೀಟಿ ಇಟ್ಟುಕೊಂಡಿರಬೇಕು. ಕೋಣೆಯ ವಿಳಾಸ ಮನೆಯವರಲ್ಲಿ ಒಬ್ಬರಿಗಾದರೂ ತಿಳಿದಿರಬೇಕು. ಮದುವೆಗೆ ಮಾಡಿಸಿದ ಬಂಗಾರ ಮನೆಯಲ್ಲೇ ಇರಲಿ. ತುರ್ತಿಗೆ 112, ಹೆಣ್ಣುಮಕ್ಕಳ ಸಹಾಯಕ್ಕೆ 181, ಈ ಎರಡು ನಂಬರು ಬಾಯಿಗೆ ಬರಬೇಕು.  

ಮೊದಲ ದಿನ ಪೇಟೆಗೆ. ಜವಳಿ ಸಾಲಿನಲ್ಲಿ, ದಾಜಿಬಾನ ಪೇಟೆಯಲ್ಲಿ ಏನನ್ನೂ ಕೊಳ್ಳಬೇಕೆಂಬ ಅವಸರವಿಲ್ಲದೆ ಸೀರೆ ನೋಡುವುದೇ ಒಂದು ಸುಖ. ಬೀಗರ ಜೊತೆ ಬಂದಾಗ ಸಿಗದ ವೇಳೆ ಇಲ್ಲಿ ಸಿಗುತ್ತದೆ. ಒಂದು ಇಳಕಲ್ಲ ಸೀರೆಯನ್ನು ಬಿಚ್ಚಿಸಿ ಸೆರಗಿನ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಬೇಕು. ಒಡಲಿನ ಹಾಸುನೂಲೂ ಸೆರಗಿನ ಹಾಸುನೂಲೂ ಬೇರೆಬೇರೆ. ಒಂದೊಂದು ಎಳೆಯನ್ನೂ ಇನ್ನೊಂದರ ಕೊಂಡಿಯಲ್ಲಿ ಸಿಕ್ಕಿಸಿ ಎರಡನ್ನೂ ಕೂಡಿಸಿರುತ್ತಾರೆ. ಕೆಂಪು ಸೆರಗಿನ ಮೇಲೆ ಬಿಳಿಯ ಹಣಿಗೆಯಾಕಾರ, ಜೋಳದ ತೆನೆಯಾಕಾರ ಮೂಡುತ್ತವೆ. ತೋಪು ತೆನೆ ಎಂಬ ಹೆಸರಿನಲ್ಲೇ ಜೋಳವಿದೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಇದ್ದರೆ ಸೆರಗನ್ನು ತಿರುವಿ ಒಳಮೈ ನೋಡಬೇಕು. ಗವಂತಿ ಹೊಲಿಗೆಯಲ್ಲಿ ಒಳಗೂ ಹೊರಗೂ ಒಂದೇ ಚಿತ್ತಾರ, ಗಂಟು ಎಲ್ಲೂ ಕಾಣದು. ಗೋಪುರ, ತೇರು, ಪಲ್ಲಕ್ಕಿಗಳನ್ನು ಕಸೂತಿಯವರು ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ, ಗೆರೆ ಬರೆದುಕೊಂಡು ಅಲ್ಲ. ಸೀರೆ ಕೊಳ್ಳಲು ಹಣವಿಲ್ಲದಿದ್ದರೆ ಗುಳೇದಗುಡ್ಡದ ಖಣ ಒಂದೊಂದು ತೆಗೆದುಕೊಂಡರಾಯಿತು. ಎಲ್ಲರೂ ಒಂದೇ ಬಣ್ಣದ ಖಣದ ಕುಪ್ಪಸ ಹೊಲಿಸಿ ಅಕ್ಕಿಕಾಳಿನ ದಿನ ತೊಟ್ಟರೆ ಅದಕ್ಕಿಂತ ಒಳ್ಳೆಯ ನೆನಪು ಬೇಕಿಲ್ಲ.

ಸಂಜೆಗೆ ದುರ್ಗದ ಬೈಲು. ಬಳೆಯ ಅಂಗಡಿ, ತಿನಿಸಿನ ಗಾಡಿ, ಜನ. ಗಾಜಿನ ಬಳೆಯನ್ನು ಡಜನ್ ಲೆಕ್ಕದಲ್ಲಿ ಕಾಗದ ಸುತ್ತಿಸಿ ತರುವುದಕ್ಕಿಂತ ಅಲ್ಲಿಯೇ ಕೂತು ಇಡಿಸಿಕೊಳ್ಳುವುದು ಮೇಲು. ನುರಿತ ಬಳೆಗಾರ ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಕೈಯನ್ನು ಕಿರಿದು ಮಾಡಿ, ಒಂದೇ ಜಗ್ಗಿಗೆ ಬಳೆ ದಾಟಿಸುತ್ತಾನೆ. ಆ ಕ್ಷಣ ಹುಡುಗಿ ಉಸಿರು ಹಿಡಿದಿರುತ್ತಾಳೆ, ದಾಟಿದ ಮೇಲೆ ನಗುತ್ತಾಳೆ. ಮನೆಯಲ್ಲಿ ಬಳಿ ಇಡಿಸುವ ದಿನ ಹಸಿರು ಬಳೆಯೇ ಆಗಬೇಕು. ಇಲ್ಲಿ ಅವಳಿಗೆ ನೀಲಿ ಬೇಕಿದ್ದರೆ ನೀಲಿ. ಆಮೇಲೆ ಮಿರ್ಚಿ, ಗಿರಮಿಟ್ಟು. ಗದಗಿನವರು ತಮ್ಮೂರ ಮಿರ್ಚಿಯ ಮುಂದೆ ಬೇರೆ ಊರಿನದನ್ನು ಒಪ್ಪುವುದಿಲ್ಲ, ಆ ವಾದಕ್ಕೂ ಸಂಜೆಯಲ್ಲಿ ಅರ್ಧ ತಾಸು ಎತ್ತಿಡಬೇಕು.

ಪ್ರವಾಸದ ತಿರುಳು ರಾತ್ರಿಯಲ್ಲಿದೆ. ಕೋಣೆಯಲ್ಲಿ ಚಾಪೆ ಹಾಸಿ, ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ, ಕೈಗೆ ಮದರಂಗಿ ಹಚ್ಚುತ್ತ ಕೂತಾಗ ಮಾತು ತಾನಾಗಿ ಆಳಕ್ಕೆ ಇಳಿಯುತ್ತದೆ. ಎರಡೂ ಕೈಗೆ ಮದರಂಗಿ ಮೆತ್ತಿಕೊಂಡ ಹುಡುಗಿಗೆ ಗೆಳತಿಯೇ ತುತ್ತು ಇಡಬೇಕು. ಮನೆಯಲ್ಲಿ ಕೇಳಲಾಗದ ಪ್ರಶ್ನೆಗಳನ್ನು ಅವಳು ಕೇಳುವುದು ಈಗ. ಗಂಡನ ಮನೆಯಲ್ಲಿ ಮೊದಲ ತಿಂಗಳು ಹೇಗಿರುತ್ತದೆ, ಕೆಲಸ ಬಿಡು ಎಂದರೆ ಏನು ಹೇಳಬೇಕು, ಸಂಬಳ ಯಾರ ಖಾತೆಗೆ, ಮಕ್ಕಳು ಯಾವಾಗ, ಮೈಯ ವಿಷಯ ಯಾರನ್ನು ಕೇಳಬೇಕು. ಮದುವೆಯಾದ ಗೆಳತಿಯನ್ನು ತಪ್ಪದೆ ಕರೆಯಬೇಕೆಂಬುದು ಇದಕ್ಕಾಗಿಯೇ. ಉಳಿದವರ ಬಳಿ ಇರುವುದು ಊಹೆ, ಅವಳ ಬಳಿ ಇರುವುದು ಅನುಭವ. ಹುಡುಗಿ ಅಂಜುತ್ತಿದ್ದರೆ ಎಲ್ಲ ಸರಿಹೋಗುತ್ತದೆ ಎಂದು ಬಾಯಿ ಮುಚ್ಚಿಸದೆ ಪೂರ್ತಿ ಕೇಳಬೇಕು. ಈ ಮದುವೆ ತನಗೆ ಬೇಡ ಎಂಬ ಮಾತು ಅವಳ ಬಾಯಿಂದ ಬಂದರೆ ಅದನ್ನೂ ಕೇಳಬೇಕು, ಅವಳ ಬೆನ್ನಿಗೆ ನಿಲ್ಲಬೇಕು. ಆ ಕೋಣೆಯ ಫೋಟೊ, ವಿಡಿಯೊ ಅವಳು ಒಪ್ಪದೆ ಒಂದೂ ಹೊರಗೆ ಹೋಗಕೂಡದು.

ಎರಡನೇ ದಿನ ಹಗುರವಾಗಿರಲಿ. ಬೆಳಿಗ್ಗೆ ಸಿದ್ಧಾರೂಢ ಮಠಕ್ಕೋ, ಉಣಕಲ್ಲಿನ ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿಗೋ ಹೋಗಿ, ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ. ಚಿಗರಿಗೆ ತನ್ನದೇ ಬೇರೆ ಹಾದಿ ಇರುವುದರಿಂದ ಗಾಡಿಗಳ ಗದ್ದಲದಲ್ಲಿ ಸಿಕ್ಕಿಕೊಳ್ಳುವ ಭಯವಿಲ್ಲ. ಧಾರವಾಡದಲ್ಲಿ ಲೈನ್ ಬಜಾರಿನ ಪೇಡೆ, ಬೇಂದ್ರೆಯವರ ಸಾಧನಕೇರಿ, ಅಷ್ಟು ಸಾಕು. ಎಲ್ಲವನ್ನೂ ನೋಡಿ ಮುಗಿಸಬೇಕೆಂದು ಓಡಿದರೆ ನೋಡಿದ್ದೂ ನೆನಪಿನಲ್ಲಿ ಉಳಿಯದು.

ರಾತ್ರಿ ಹೊರಗುಳಿಯಲು ಮನೆಯವರು ಒಪ್ಪದಿದ್ದರೆ ಒಂದೇ ದಿನದ ದಾರಿಯೂ ಇದೆ. ಗದಗಿನಿಂದ 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇಂದಿಗೂ ನಿಂತಿದೆ. ಪೊನ್ನನ ಶಾಂತಿಪುರಾಣವನ್ನು 1,000 ಪ್ರತಿ ಮಾಡಿಸಿ ಹಂಚಿದ ಹೆಣ್ಣುಮಗಳು ಆಕೆ. ಮದುವೆಗೆ ನಿಂತ ಹುಡುಗಿ ಗೆಳತಿಯರ ಜೊತೆ ಅರ್ಧ ದಿನ ಕೂತು ಬರಲು ಆ ಗುಡಿಯ ಅಂಗಳಕ್ಕಿಂತ ಒಳ್ಳೆಯ ಜಾಗ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಮರಳುವಾಗ ಗದಗಿನ ವೀರನಾರಾಯಣ ಗುಡಿ, ಬೆಟಗೇರಿಯ ಸೀರೆ ಅಂಗಡಿ ಎರಡೂ ಸಿಗುತ್ತವೆ.

ಮರಳುವ ಹೊತ್ತನ್ನು ಹಿಂದಿನಿಂದ ಎಣಿಸಬೇಕು. ಗದಗಿನಿಂದ ಹೊಂಬಳಕ್ಕೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ಹೋಗುವಾಗಲೇ ನಿಲ್ದಾಣದಲ್ಲಿ ಕೇಳಿಕೊಂಡು, ಅದಕ್ಕೂ ಮೊದಲಿನ ಬಸ್ಸಿಗೆ ಬರುವಂತೆ ಹುಬ್ಬಳ್ಳಿ ಬಿಡಬೇಕು. ಒಮ್ಮೆ ಹೇಳಿದ ಹೊತ್ತಿಗೆ ಬಂದರೆ ಮುಂದಿನ ಹುಡುಗಿ ಕೇಳಿದಾಗ ಓಣಿಯಲ್ಲಿ ಬೇಡ ಎನ್ನುವವರು ಕಡಿಮೆಯಾಗುತ್ತಾರೆ. ಮನೆಯ ಹಿರಿಯರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಮಗಳು ಹೋಗಲೋ ಎಂದು ಹಿಂಜರಿಯುತ್ತ ಬಾಗಿಲ ಹತ್ತಿರ ನಿಂತಾಗ ನೂರು ಪ್ರಶ್ನೆ ಕೇಳಬೇಡಿ. ಯಾರು ಯಾರು ಹೋಗುತ್ತೀರಿ ಎಂದು ಕೇಳಿ, ಅಷ್ಟು ಜನಕ್ಕೆ ಸಾಕಾಗುವಷ್ಟು ಬುತ್ತಿ ಕಟ್ಟಿಕೊಡಿ.